ಚೀಲದೊಳಗಿನ ಡಬ್ಬಣರಾಯ

ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿ ತೆಗೆಯುವುದಕ್ಕೆ ಒಂದು ಹದವಿದೆ. ಹತ್ತು ಎಣಿಸುವಷ್ಟರಲ್ಲಿ ಅದು ಕೈಗೆ ಬರಬೇಕು. ಹದಿನೈದಾಯಿತೋ, ಒಗ್ಗರಣೆಗೆ ಬಾರದ ಗಂಜಿ. ದಾವಣಗೆರೆಯ ನಿಟುವಳ್ಳಿಯ ಯಶೋದಾ ಆ ಬೆಳಿಗ್ಗೆ ಏಳು ಎಣಿಸಿ ಮುಗಿಸಿದ್ದಳು. ಎಂಟು ಅನ್ನುವಷ್ಟರಲ್ಲಿ ಮುಂಬಾಗಿಲಿನಿಂದ ಒಂದು ಧ್ವನಿ ಬಂತು.

"ಅಕ್ಕಾರೆ, ಕೈ ಒದ್ದೆ ಅದಾವೇನ್ರಿ?"

ಬೆಳಿಗ್ಗೆ ಎಂಟು ಗಂಟೆಗೆ ಅಡುಗೆಮನೆಯಲ್ಲಿರುವ ಹೆಂಗಸನ್ನು ಕೈ ಒದ್ದೆ ಇದೆಯೇ ಎಂದು ಕೇಳುವವನು ಒಂದೋ ಹುಚ್ಚನಾಗಿರಬೇಕು, ಇಲ್ಲವೇ ಯಾವುದೋ ಇಲಾಖೆಯವನಾಗಿರಬೇಕು. ಯಶೋದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನಿಂತಿದ್ದವನು ಹಿಂದಿನ ಓಣಿಯ ಕೊಟ್ಟೂರೇಶ್. ಎಪಿಎಂಸಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ತೇವ ಅಳೆದು, ಇದು ಒಂದನೇ ದರ್ಜೆ ಇದು ಎರಡನೇ ದರ್ಜೆ ಎಂದು ಚೀಟಿ ಹಚ್ಚುವ ಕೆಲಸ ಅವನದು. ಅವನು ಅವಳನ್ನು ನೋಡಲೇ ಇಲ್ಲ. ಅವನ ಕಣ್ಣು ಹೊಸ್ತಿಲ ಒಳಗೆ ಕೂತಿದ್ದ ಅವಳ ಮಗಳು ತನುಶ್ರೀಯ ತೊಡೆಯ ಮೇಲಿತ್ತು. ಮೂರನೇ ಕ್ಲಾಸಿನ ತನುಶ್ರೀ ಒಂದು ಜಡೆ ಮುಗಿಸಿ ಇನ್ನೊಂದು ಜಡೆಗಾಗಿ ಕಾಯುತ್ತ, ಒಂದು ಚಿತ್ರಕಥೆಯ ಪುಸ್ತಕವನ್ನು ಹರವಿಕೊಂಡು ಕೂತಿದ್ದಳು.

"ಕೂಸಿಗೆ ಕೈ ಬಿಡಾಕೆ ಹೇಳ್ರಿ. ಹಂಗೇ, ನಿಧಾನಕ್ಕೆ. ಈಗ ಹಿಂದಕ್ಕೆ ಸರಿಯಾಕೆ ಹೇಳ್ರಿ."

"ಯಾಕ್ರಿ, ಹಾವೈತೇನು?"

"ಹಾವಾಗಿದ್ರೆ ಹೊಡಿಬಹುದಿತ್ರಿ. ಅದು ಡಬ್ಬಣರಾಯ. ಒಂದನೇ ಸಂಚಿಕೆ."

ಡಬ್ಬಣರಾಯನ ಸಂಗತಿ ಹೀಗಿದೆ. ಮೂವತ್ತು ವರ್ಷಗಳ ಹಿಂದೆ ಊರಿನ ಒಂದು ಕ್ಯಾಲೆಂಡರ್ ಪ್ರೆಸ್ಸಿನವರು, ಹಂಗಾಮು ಮುಗಿದ ಮೇಲೂ ಬಣ್ಣ ಮಿಕ್ಕಿದೆಯೆಂದು, ಮೂವತ್ತೆರಡು ಪುಟದ ಒಂದು ಚಿತ್ರಕಥೆಯನ್ನು ಅಚ್ಚು ಹಾಕಿದ್ದರು. ಅದರ ನಾಯಕ ಡಬ್ಬಣರಾಯ ಹಗಲೆಲ್ಲ ಗೋದಾಮಿನಲ್ಲಿ ಗೋಣಿಚೀಲದ ಬಾಯಿ ಹೊಲೆಯುವ ಕೂಲಿ. ದೀಪ ಹಚ್ಚುವ ಹೊತ್ತಾದರೆ ಚೀಲ ಹೊಲೆಯುವ ಅಂಗೈಯುದ್ದದ ಸೂಜಿ, ಅಂದರೆ ಡಬ್ಬಣ, ಹಿಡಿದು ಹೊರಟು, ಊರಿನ ಕಳ್ಳರನ್ನು ಒಬ್ಬೊಬ್ಬರಾಗಿ ಚೀಲಕ್ಕೆ ತುಂಬಿ, ಬಾಯಿ ಹೊಲೆದು, ಪೊಲೀಸ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಬರುತ್ತಿದ್ದ. ದೇವರ ಕ್ಯಾಲೆಂಡರಿನ ನೀಲಿ ಬಣ್ಣವೇ ಹೆಚ್ಚು ಉಳಿದಿದ್ದರಿಂದ ಆ ಪುಸ್ತಕದಲ್ಲಿ ಪೊಲೀಸರೂ ಎಮ್ಮೆಗಳೂ ನೀಲಿಯಾಗಿದ್ದವು. ಬಣ್ಣ ತೀರಿತು, ಎರಡನೇ ಸಂಚಿಕೆ ಬರಲಿಲ್ಲ, ಪ್ರೆಸ್ಸಿನವರು ಮದುವೆ ಕಾರ್ಡಿನ ಕಡೆ ತಿರುಗಿಕೊಂಡರು. ಅಲ್ಲಿಗೆ ಡಬ್ಬಣರಾಯ ಮುಗಿದಿದ್ದ.

ಆದರೆ ಹೋದ ವರ್ಷ ಮುಂಬೈಯ ಒಂದು ಆನ್‌ಲೈನ್ ಹರಾಜಿನಲ್ಲಿ ಅದರ ಒಂದು ಪ್ರತಿ ಹನ್ನೊಂದು ಲಕ್ಷಕ್ಕೆ ಹೋಯಿತು. ಯಾಕೆ ಹೋಯಿತೆಂದು ದಾವಣಗೆರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಯಿತು ಎಂಬುದಷ್ಟೇ ಗೊತ್ತಿತ್ತು. ಅಂದಿನಿಂದ ಜನ ಹಬ್ಬವಿಲ್ಲದ ದಿನಗಳಲ್ಲೂ ಅಟ್ಟ ಗುಡಿಸತೊಡಗಿದರು. ರದ್ದಿ ಅಂಗಡಿಯವರು ತಕ್ಕಡಿಯ ಪಕ್ಕದಲ್ಲಿ ಭೂತಗನ್ನಡಿ ಇಟ್ಟುಕೊಂಡರು. ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂದು ಬೈಯುತ್ತಿದ್ದ ತಂದೆತಾಯಂದಿರು ಈಗ ಮುಟ್ಟಿದ್ದಕ್ಕೆ ಬೈದರು. ಕೊಟ್ಟೂರೇಶ್ ಮೂರು ತಿಂಗಳು ಮೊಬೈಲಿನಲ್ಲಿ ಪಾಠ ಕೇಳಿ ಕಾಮಿಕ್ಸ್ ಗ್ರೇಡರ್ ಆದ. ಗ್ರೇಡರ್ ಅಂದರೆ ಹಳೆಯ ಚಿತ್ರಕಥೆ ಎಷ್ಟು ಕೆಡದೆ ಉಳಿದಿದೆ ಎಂದು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವವನು. ಹೊಸ ವಿದ್ಯೆಯೇನಲ್ಲ, ಜೋಳದ ಬದಲು ಕಾಗದ ಅಷ್ಟೇ, ಎಂದು ಅವನು ಹೇಳಿಕೊಳ್ಳುತ್ತಿದ್ದ.

ಯಶೋದಾಳ ಮನೆಯಲ್ಲಿ ಅದು ಇದೆಯೆಂದು ಅವನಿಗೆ ಹೇಳಿದವನು ಅವಳ ಗಂಡ ಅಂಜನಕುಮಾರನೇ. ಊರಂಚಿನ ಕರೂರಿನ ಕಾರ್ಖಾನೆಯಲ್ಲಿ ಹಗಲು ಪಾಳಿಗೆ ಹೋಗುವ ಅವನು, ದೋಸೆ ಹೋಟೆಲಿನಲ್ಲಿ ಬಾಯಿ ಬಿಟ್ಟಿದ್ದ. ಅವನ ಹಳೆಯ ಟ್ರಂಕಿನಲ್ಲಿ ಸಿಕ್ಕ ಆ ಪುಸ್ತಕವನ್ನು ಯಶೋದಾ ಎರಡು ವಾರದಿಂದ ಮಗಳಿಗೆ ಓದುತ್ತಿದ್ದಳು. ಜಡೆ ಹೆಣೆಯುವಾಗ ದಿನಕ್ಕೆ ಎರಡು ಪುಟ. ಎಡ ಜಡೆಗೊಂದು, ಬಲ ಜಡೆಗೊಂದು. ಈ ದಿನ ಇಪ್ಪತ್ತೊಂಬತ್ತನೇ ಪುಟ ಮುಗಿದಿತ್ತು. ಅಲ್ಲಿ ಮೋಸಗಾರ ದಲ್ಲಾಳಿಯೊಬ್ಬ ಡಬ್ಬಣರಾಯನ ಕೈಯಿಂದ ಡಬ್ಬಣವನ್ನೇ ಕಿತ್ತುಕೊಂಡು, ಅವನನ್ನೇ ಚೀಲಕ್ಕೆ ತುಂಬಿ, ಅದೇ ಡಬ್ಬಣದಿಂದ ಬಾಯಿ ಹೊಲೆದು, ಹರಿಹರದ ಸೇತುವೆಯ ಕಟ್ಟೆಯ ಮೇಲೆ ಎತ್ತಿ ನಿಲ್ಲಿಸಿದ್ದ. ಕೆಳಗೆ ತುಂಗಭದ್ರೆ, ನೀಲಿಯಾಗಿ.

ತನುಶ್ರೀಗೆ ಪ್ರಶ್ನೆ ಹುಟ್ಟಿದರೆ ಮೊದಲು ಕೆಳತುಟಿ ಒಳಗೆ ಹೋಗುತ್ತದೆ. ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. "ಉತ್ತರ ಎಲ್ಲಾ ಹೇಳ್ತಾಳ್ರಿ, ಒಂದು ಪ್ರಶ್ನೆ ಕೇಳಲ್ಲ" ಎಂದು ಶಾಲೆಯ ಮಿಸ್ ಎರಡು ಸಲ ಕರೆಸಿ ಹೇಳಿದ್ದರು. ಯಶೋದಾ ಮಗಳನ್ನು ಒತ್ತಾಯಿಸಲಿಲ್ಲ. ಹಾಲು ಒಲೆಯ ಮೇಲಿಟ್ಟವಳು ಉಕ್ಕುವ ತನಕ ನಿಲ್ಲಬೇಕೇ ಹೊರತು ಪಾತ್ರೆ ಅಲುಗಿಸಿದರೆ ಏನೂ ಬರುವುದಿಲ್ಲ ಎಂಬುದು ಅವಳ ಲೆಕ್ಕ. ಈಗ ಪುಸ್ತಕ ಬಿಟ್ಟು ಹಿಂದೆ ಸರಿದ ಮಗಳ ಕೆಳತುಟಿ ಪೂರ್ತಿ ಒಳಗೆ ಹೋಗಿತ್ತು.

ಕೊಟ್ಟೂರೇಶ್ ಚಪ್ಪಲಿ ಬಿಟ್ಟು, ಕೈಗೆ ರಬ್ಬರ್ ಗ್ಲೌಸು ಹಾಕಿ, ಪುಸ್ತಕವನ್ನು ಮುಚ್ಚಿ, ಚೀಲದಿಂದ ತೇವ ಅಳೆಯುವ ಯಂತ್ರ ತೆಗೆದು ಮುಖಪುಟಕ್ಕೆ ತಾಕಿಸಿದ.

"ಹನ್ನೆರಡು. ಪರವಾಗಿಲ್ಲ. ಹದಿನಾಲ್ಕು ದಾಟಿದ್ರೆ ಜೋಳಾನೂ ತಗಳಲ್ಲ."

"ಒಳಗೆ ನೋಡಲ್ಲೇನ್ರಿ?"

"ಒಳಗೆ ನೋಡಬೇಕಂದ್ರೆ ತೆರೀಬೇಕು. ತೆರೆದ್ರೆ ಬೆನ್ನು ಮುರಿತೈತೆ. ಬೆನ್ನು ಮುರಿದ್ರೆ ಗ್ರೇಡ್ ಹೋಯ್ತು. ಮ್ಯಾಲಿಂದ ನೋಡಿ ಒಳಗಿಂದು ತಿಳ್ಕಳೋದೇ ವಿದ್ಯೆ." ಅವನು ಕಣ್ಣು ಮುಚ್ಚಿ ಪುಸ್ತಕವನ್ನು ಅಂಗೈ ಮೇಲೆ ತೂಗಿದ. "ಆರೂವರೆ. ಹತ್ತಕ್ಕೆ ಆರೂವರೆ. ಎರಡು ಲಕ್ಷಕ್ಕೆ ಮೋಸ ಇಲ್ಲ, ಅಕ್ಕಾರೆ."

"ಇನ್ನು ಮೂರು ಪುಟ ಉಳಿದಾವು. ಕೂಸಿಗೆ ಓದಿಬಿಡ್ತೀನಿ, ಆಮ್ಯಾಲೆ ಎತ್ತಿಡ್ತೀನಿ."

"ಓದಬ್ಯಾಡ್ರಿ."

"ಓದಬ್ಯಾಡ ಅಂದ್ರೆ ಪುಸ್ತಕ ಯಾಕ್ರಿ ಮತ್ತೆ?"

"ಇಡಾಕ್ರಿ," ಎಂದ ಕೊಟ್ಟೂರೇಶ್, ಇಷ್ಟೂ ಗೊತ್ತಿಲ್ಲವಲ್ಲ ಎಂಬ ಕನಿಕರದಲ್ಲಿ. "ಶನಿವಾರ ಬಂದು ಪಕ್ಕಾ ಗ್ರೇಡ್ ಹಾಕಿ ಸರ್ಟಿಫಿಕೇಟ್ ಕೊಡ್ತೀನಿ. ಅಲ್ಲಿತನಕ ಚೆನ್ನಾಗಿ ನೋಡ್ಕಳ್ರಿ."

ಅವನು ಹೋದ ಮೇಲೆ ಯಶೋದಾ ಅಡುಗೆಮನೆಗೆ ಹೋದಳು. ಮಂಡಕ್ಕಿ ಗಂಜಿಯಾಗಿತ್ತು. ಆ ದಿನ ಎಲ್ಲರೂ ಬ್ರೆಡ್ಡು ತಿಂದರು.

ಚೆನ್ನಾಗಿ ನೋಡಿಕೊಳ್ಳಿ ಎಂದರೆ ಯಶೋದಾಗೆ ಗೊತ್ತಿದ್ದದ್ದು ಒಂದೇ ರೀತಿ. ಮಗಳನ್ನು, ರೇಷ್ಮೆ ಸೀರೆಯನ್ನು, ಉಪ್ಪಿನಕಾಯಿ ಜಾಡಿಯನ್ನು ಅವಳು ನೋಡಿಕೊಂಡದ್ದು ಅದೇ ರೀತಿಯಲ್ಲಿ. ಸೋಮವಾರ, ಜೂನ್ ತಿಂಗಳಲ್ಲಿ ಮಗಳ ಪಠ್ಯಪುಸ್ತಕಗಳಿಗೆ ಹಾಕಿ ಉಳಿದಿದ್ದ ಕಂದು ಕಾಗದ ತೆಗೆದು, ಅಂಚು ಮಡಚಿ, ಸೆಲ್ಲೋಟೇಪು ಹಚ್ಚಿ ಡಬ್ಬಣರಾಯನಿಗೆ ಬೈಂಡು ಹಾಕಿದಳು. ಬೈಂಡಿನ ಮೇಲೆ ಲೇಬಲ್ ಇಲ್ಲದಿದ್ದರೆ ಬೋಳುಬೋಳು, ಲೇಬಲ್ ಅಂಟಿಸಿ "ತನುಶ್ರೀ ಎ., ಮೂರನೇ ತರಗತಿ, ಬಿ ವಿಭಾಗ" ಎಂದು ಬರೆದಳು. ಮಂಗಳವಾರ ಬೆನ್ನಿನ ಬುಡದಲ್ಲಿ ಒಂದು ಉಗುರಿನಷ್ಟು ಹರುಕು ಕಂಡಿತು. ಮೈದಾಹಿಟ್ಟು ಕುದಿಸಿ ಅಂಟು ಮಾಡಿ, ಪಂಚಾಂಗದ ಅಂಚಿನಿಂದ ಬಿಳಿ ಕಾಗದ ಹರಿದು ತೇಪೆ ಹಾಕಿದಳು. ಬುಧವಾರ ಮಡಚಿದ ಮೂಲೆಗಳನ್ನು ಬಿಡಿಸಿ, ಮೇಲೆ ತೆಳುಬಟ್ಟೆ ಹಾಸಿ, ಹದವಾದ ಶಾಖದಲ್ಲಿ ಇಸ್ತ್ರಿ ಮಾಡಿದಳು. ತುಕ್ಕು ಹಿಡಿದ ಎರಡು ಪಿನ್ನುಗಳನ್ನು ಕಿತ್ತು, ಬಿಳಿ ದಾರದಿಂದ ನಾಲ್ಕು ಹೊಲಿಗೆ ಹಾಕಿದಳು. ಗುರುವಾರ ಬೆಳಿಗ್ಗೆ ದೇವರ ಮುಂದೆ ನಿಂತಾಗ, ಆಯುಧಪೂಜೆಗೆ ಮನೆಯ ಎಲ್ಲ ಪುಸ್ತಕಕ್ಕೂ ಕುಂಕುಮ ಬೀಳುತ್ತದೆ, ಪಾಪ ಇದೊಂದಕ್ಕೆ ಮೂವತ್ತು ವರ್ಷದಿಂದ ತಪ್ಪಿದೆ ಎನ್ನಿಸಿ, ಬೈಂಡು ಸರಿಸಿ ಮುಖಪುಟದ ಡಬ್ಬಣರಾಯನ ಹಣೆಗೇ ಒಂದು ಬೊಟ್ಟು ಇಟ್ಟಳು. ನೀಲಿ ಮುಖಕ್ಕೆ ಕೆಂಪು ಬೊಟ್ಟು ಚೆನ್ನಾಗಿಯೇ ಕಂಡಿತು.

ಶುಕ್ರವಾರ ಅವಳಿಗೆ ತಡೆಯಲಾಗಲಿಲ್ಲ. ಇಷ್ಟೆಲ್ಲ ಆರೈಕೆ ಮಾಡಿದ ಮೇಲೆ ಮೂರು ಪುಟ ಓದಿದರೆ ಯಾರ ಗಂಟು ಹೋಗುತ್ತದೆ? ಬಾಗಿಲು ಹಾಕಿ, ಮಗಳನ್ನು ಮುಂದೆ ಕೂರಿಸಿಕೊಂಡು, ಎಡ ಜಡೆಗೆ ಮೂವತ್ತನೇ ಪುಟ ಓದಿದಳು. ಚೀಲ ಸೇತುವೆಯಿಂದ ಉರುಳಿತು. ಬಲ ಜಡೆಗೆ ಮೂವತ್ತೊಂದನೇ ಪುಟ. ಮೇಲಿನ ಚಿತ್ರದಲ್ಲಿ ಚೀಲ ನೀರಿಗೆ ಬಿದ್ದಿತ್ತು. ಕೆಳಗಿನ ಮೂಲೆಯ ಚಿತ್ರದಲ್ಲಿ ಡಬ್ಬಣರಾಯ ಹೊಳೆಯ ದಂಡೆಯ ಮೇಲೆ ಒದ್ದೆಯಾಗಿ ಕೂತು ಚಹಾ ಕುಡಿಯುತ್ತಿದ್ದ. ನಡುವೆ ಒಂದು ಚೌಕಾಕಾರದ ತೂತು. ತನುಶ್ರೀ ಹಾಳೆ ಎತ್ತಿ ಹಿಡಿದು ತಿರುಗಿದಾಗ ಆ ತೂತಿನ ಮೂಲಕ ಅವಳ ಕಣ್ಣು ಕಾಣುತ್ತಿತ್ತು.

ಸಂಜೆ ಅಂಜನಕುಮಾರ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುವುದರೊಳಗೆ ಯಶೋದಾ ಆ ಪುಟವನ್ನು ಹಿಡಿದು ನಿಂತಳು. ಅವನು ತೂತನ್ನು ನೋಡಿ ನೆಲ ನೋಡಿದ.

"ನಾನೇ ಕತ್ತರಿಸಿದ್ದು. ಹಿಂದ್ಗಡೆ ಕೂಪನ್ ಇತ್ತು. ಕಳಿಸಿದ್ರೆ ಡಬ್ಬಣರಾಯನ ಬ್ಯಾಜು ಬರ್ತೈತೆ ಅಂತ ಬರೆದಿತ್ತು. ಏಳು ವರ್ಷದೋನಿದ್ದೆ."

"ಬಂತೇನ್ರಿ ಬ್ಯಾಜು?"

"ಎಲ್ಲಿದು. ಎರಡು ವರ್ಷ ಪೋಸ್ಟ್‌ಮ್ಯಾನ್ ಸೈಕಲ್ ಹಿಂದೆ ಓಡೀನಿ."

"ಕತ್ತರಿಸೋ ಮುಂಚೆ ಈಚೆ ಕಡೆ ಏನಿತ್ತು ಅಂತ ಓದಲಿಲ್ಲೇನು?"

"ಬ್ಯಾಜು ಬಂದ ಮ್ಯಾಲೆ ಅದನ್ನ ಹಾಕ್ಕೊಂಡೇ ಕೊನೀದು ಓದಾಣ ಅಂತ ಬಿಟ್ಟಿದ್ದೆ," ಎಂದ ಅಂಜನಕುಮಾರ. ಮೂವತ್ತು ವರ್ಷದ ನಂತರವೂ ಅವನ ಮುಖದಲ್ಲಿ ಸ್ವಲ್ಪ ಬೇಸರವಿತ್ತು.

ತನುಶ್ರೀ ಅಪ್ಪನನ್ನು ನೋಡಿದಳು. ತುಟಿ ಒಳಗೆ ಹೋಯಿತು. ಎದ್ದು ಹೋಗಿ ಹೋಂವರ್ಕ್ ಬರೆಯಲು ಕೂತಳು. ಆ ರಾತ್ರಿಯೂ ಮರುದಿನ ಬೆಳಿಗ್ಗೆಯೂ ಊಟದ ತಟ್ಟೆಯಲ್ಲಿ, ಹಿಂದಿ ನೋಟ್‌ಬುಕ್ಕಿನ ಕೊನೆಯಲ್ಲಿ, ಬಚ್ಚಲ ಗೋಡೆಯ ಆವಿಯ ಮೇಲೆ ಯಶೋದಾ ಒಂದೇ ಚಿತ್ರ ಕಂಡಳು: ಬಾಯಿ ಹೊಲೆದ ಒಂದು ಚೀಲ.

ಶನಿವಾರ ಕೊಟ್ಟೂರೇಶ್ ಚಿಮಟ, ಗ್ಲೌಸು, ಟಾರ್ಚು, ರಬ್ಬರ್ ಸ್ಟಾಂಪು ಸಮೇತ ಬಂದ. ಕಂದು ಬೈಂಡಿನಲ್ಲಿದ್ದ ಪುಸ್ತಕವನ್ನು ಕಂಡವನೇ ಕುರ್ಚಿ ಹುಡುಕಿ ಕೂತ.

"ಇದೇನ್ರಿ ಇದು?"

"ಬೈಂಡು ಹಾಕೀನ್ರಿ. ಧೂಳು ಕೂರಬಾರದು ಅಂತ."

"ಸೆಲ್ಲೋಟೇಪಿಗೆ ಒಂದು ಪಾಯಿಂಟ್ ಹೋಯ್ತು. ಐದೂವರೆ." ಅವನು ಬೈಂಡು ಬಿಡಿಸಿದ. ಮುಖಪುಟದ ಹಣೆ ಕಂಡಿತು. "ಇದ್ಯಾವ ಕಲೆ?"

"ಕಲೆ ಅಲ್ರಿ, ಕುಂಕುಮ."

ಕೊಟ್ಟೂರೇಶ್ ಮೊಬೈಲಿನಲ್ಲಿ ಹೊರದೇಶದವರ ದೋಷಗಳ ಪಟ್ಟಿಯನ್ನು ಬಹಳ ಹೊತ್ತು ತಡಕಾಡಿದ. ಕಾಫಿ ಕಲೆ ಇತ್ತು, ಇಂಕಿನ ಕಲೆ ಇತ್ತು, ನಾಯಿ ಕಚ್ಚಿದ ಗುರುತಿತ್ತು, ಕುಂಕುಮ ಇರಲಿಲ್ಲ. "ಕುಂಕುಮಕ್ಕೆ ಅಂಕ ಕಳೆದರೆ ನನಗೂ ಒಳ್ಳೇದಾಗಲ್ಲ," ಎಂದು ಅದನ್ನು ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡ. ಆಮೇಲೆ ಒಂದೂವರೆ ಕಳೆದ. "ನಾಲ್ಕು. ಬೆನ್ನಿಗೇನು ಮಾಡೀರಿ?"

"ಹರಿದಿತ್ತು, ಅಂಟಿಸೀನಿ."

"ಹರಿದದ್ದು ಹರಿದಂಗಿದ್ರೆ ಅರ್ಧ ಹೋಗ್ತಿತ್ತು. ಅಂಟಿಸಿದ್ದಕ್ಕೆ ಒಂದು ಹೋಗ್ತೈತೆ."

"ಅದ್ಯಾವ ನ್ಯಾಯ್ರಿ?"

"ರಿಪೇರಿ ಅಂತಾರ್ರಿ ಅದಕ್ಕೆ. ಗಾಯ ನಡೀತೈತೆ, ಬ್ಯಾಂಡೇಜ್ ನಡಿಯಲ್ಲ." ಅವನು ಮುಂದುವರಿದ. ಇಸ್ತ್ರಿಗೆ ಅರ್ಧ ಹೋಯಿತು. ದಾರದ ಹೊಲಿಗೆಗೆ ಒಂದು ಹೋಯಿತು. ಕೊನೆಗೆ ಚಿಮಟದಿಂದ ಹಾಳೆ ಸರಿಸುತ್ತ ಮೂವತ್ತೊಂದನೇ ಪುಟಕ್ಕೆ ಬಂದು ತೂತಿನೊಳಗೆ ಟಾರ್ಚು ಬಿಟ್ಟ. ಬೆಳಕು ಎದುರಿನ ಗೋಡೆಯ ಮೇಲೆ ಚೌಕವಾಗಿ ಬಿತ್ತು.

"ಅರ್ಧ," ಎಂದ ಕೊಟ್ಟೂರೇಶ್.

"ಅರ್ಧ ಅಂದ್ರೆ?"

"ಹತ್ತಕ್ಕೆ ಅರ್ಧ. ಸೊನ್ನೆ ಕೊಡೋ ಪದ್ಧತಿ ಇಲ್ಲ." ಅವನು ಸ್ಟಾಂಪನ್ನು ಚೀಲಕ್ಕೆ ಹಾಕಿಕೊಂಡ. "ಬೇಜಾರು ಮಾಡ್ಕಬ್ಯಾಡ್ರಿ. ಇದರ ಮ್ಯಾಲೆ ನೀವು ಒಂದಿಷ್ಟು ಕಡಿಮೆ ಅಕ್ಕರೆ ತೋರಿಸಿದ್ರೆ ಒಂದು ಮನೆ ಅಡ್ವಾನ್ಸ್ ಆಗ್ತಿತ್ತು."

ಯಶೋದಾಗೆ ಬೇಜಾರೇನೋ ಆಯಿತು, ಎರಡು ಲಕ್ಷಕ್ಕೆ ಯಾರಿಗೆ ಬೇಜಾರಾಗುವುದಿಲ್ಲ? ಆದರೆ ಗೋಡೆಯ ಮೇಲಿನ ಬೆಳಕಿನ ಚೌಕವನ್ನು ಮಗಳು ನೋಡಿದ ರೀತಿ ಅವಳನ್ನು ಹೆಚ್ಚು ಕಾಡಿತು. ಆ ಚೌಕದಲ್ಲಿ ಇದ್ದ ಚಿತ್ರ ಎಲ್ಲಿಯಾದರೂ ಇರಲೇಬೇಕು.

"ಬ್ಯಾರೆ ಯಾರ ಹತ್ರ ಐತೇನ್ರಿ ಈ ಪುಸ್ತಕ? ಪೂರ್ತಿ ಇರೋದು?"

"ಹರಿಹರದಾಗ ತೋಟಪ್ಪನವರ ಹತ್ರ ಐತೆ. ಒಂಬತ್ತು ಪಾಯಿಂಟ್ ಎಂಟು." ಆ ಅಂಕ ಹೇಳುವಾಗ ಕೊಟ್ಟೂರೇಶನ ದನಿ ಇಳಿಯಿತು. "ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡೇತಿ. ನಾಳೆ ಅವರ ಗೋದಾಮಿನಾಗೇ ಹರಾಜು. ಬರ್ರಿ ಬೇಕಾದ್ರೆ, ಕೂಸಿಗೂ ತೋರಿಸಬಹುದು. ದೂರದಿಂದ."

ಭಾನುವಾರ ಯಶೋದಾ ಬೇಗ ಅಡುಗೆ ಮುಗಿಸಿ, ಗಂಡನಿಗೆ ಮುಚ್ಚಿಟ್ಟು, ತಮ್ಮ ಅರ್ಧ ಅಂಕದ ಡಬ್ಬಣರಾಯನನ್ನು ಕೈಚೀಲದಲ್ಲಿ ಹಾಕಿಕೊಂಡು ಮಗಳೊಂದಿಗೆ ಹರಿಹರದ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿನಿಂದ ಗೋದಾಮಿಗೆ ಹೋಗುವ ಆಟೋವನ್ನು ಸೇತುವೆಯ ಕಡೆ ಒಂದು ಸುತ್ತು ತಿರುಗಿಸಿದಳು. ತನುಶ್ರೀ ಇಳಿದು ಕಟ್ಟೆಯ ಸಂದಿಯಿಂದ ಹೊಳೆಯನ್ನು ಬಹಳ ಹೊತ್ತು ನೋಡಿದಳು. ನೀರು ನೀಲಿಯಾಗಿರಲಿಲ್ಲ, ಮಣ್ಣಿನ ಬಣ್ಣ. ದಂಡೆಯಲ್ಲಿ ಇಬ್ಬರು ಎಮ್ಮೆ ತೊಳೆಯುತ್ತಿದ್ದರು. ಎಮ್ಮೆಯೂ ನೀಲಿಯಾಗಿರಲಿಲ್ಲ. ಅವಳು ತಿರುಗಿ ಆಟೋ ಹತ್ತಿದಳು.

ತೋಟಪ್ಪನವರ ಮೆಕ್ಕೆಜೋಳದ ಗೋದಾಮಿನ ಬಾಗಿಲಲ್ಲಿ ಮೂಗುಬಾಯಿಗೆ ಕಟ್ಟಿಕೊಳ್ಳಲು ಕರ್ಚೀಫು ಕೊಡುತ್ತಿದ್ದರು. ಸೀಲ್ ಮಾಡಿದ ಡಬ್ಬಿಗೆ ಉಸಿರು ಹೇಗೆ ತಾಗುತ್ತದೆ ಎಂದು ಯಶೋದಾ ಕೇಳಿದ್ದಕ್ಕೆ "ತಾಗಲ್ಲ, ಆದ್ರೂ ಮರ್ಯಾದೆ" ಎಂದರು. ಒಳಗೆ ನೂರಾರು ಚೀಲಗಳ ನಡುವೆ ಒಂದು ಮೇಜು, ಅದರ ಮೇಲೆ ಬಿಳಿ ಪಂಚೆ, ಅದರ ಮೇಲೆ ಡಬ್ಬಿ, ಡಬ್ಬಿಯೊಳಗೆ ಡಬ್ಬಣರಾಯ. ನಿನ್ನೆ ಅಚ್ಚಾದಂತೆ ಹೊಳೆಯುತ್ತಿದ್ದ. ಅವನ ಕೈಯಲ್ಲಿ ಡಬ್ಬಣ, ಹಿಂದೆ ನೀಲಿ ಪೊಲೀಸರು. ಫ್ಯಾನು ಆರಿಸಿದ್ದರಿಂದ ಎಲ್ಲರೂ ಬೆವರುತ್ತಿದ್ದರು; ಬೆವರು ಕೆಳಗೆ ಬೀಳಿಸಬಾರದು ಎಂದು ಒಬ್ಬರಿಗೊಬ್ಬರು ಕಣ್ಣಲ್ಲೇ ಹೇಳಿಕೊಳ್ಳುತ್ತಿದ್ದರು.

ತೋಟಪ್ಪ ಎಪ್ಪತ್ತರ ಸಮೀಪದ ಧಾನ್ಯದ ವ್ಯಾಪಾರಿ, ಹಣೆ ತುಂಬ ವಿಭೂತಿ. ಯಶೋದಾಳನ್ನು ಕಂಡು "ಬರ್ರಿ ತಾಯಿ, ಕೂಡ್ರಿ" ಎಂದರು. ಅವಳು ಕೂರಲಿಲ್ಲ.

"ಯಜಮಾನ್ರೆ, ಅದನ್ನ ಇಷ್ಟು ಹೊಸದಾಗಿ ಹೆಂಗೆ ಇಟ್ರಿ?"

"ಅದು ನಮ್ಮ ರಾಜಕುಮಾರಗೆ ಅಂತ ತಂದಿದ್ದು. ಅವಾಗ ಅವನಿಗೆ ಪರೀಕ್ಷೆ ಇತ್ತು. ಮುಗೀಲಿ, ಓದುವಂತೆ ಅಂತ ಬೀರುವಿನಾಗೆ ಇಟ್ಟೆ. ಅದು ಮುಗಿಯೋದ್ರಾಗೆ ಇನ್ನೊಂದು ಬಂತು. ಆಮ್ಯಾಲೆ ಎಸ್ಸೆಸ್ಸೆಲ್ಸಿ, ಆಮ್ಯಾಲೆ ಪಿಯುಸಿ, ಡಿಗ್ರಿ. ಈಗ ನಲವತ್ತಾಯ್ತು, ಇಲಾಖೆ ಪರೀಕ್ಷೆ ಬರೀತಾನೆ." ತೋಟಪ್ಪ ಹೆಮ್ಮೆಯಿಂದ ಡಬ್ಬಿಯತ್ತ ನೋಡಿದರು. "ಒಂದು ಬೆರಳಿನ ಗುರುತಿಲ್ಲ."

ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದ ಕನ್ನಡಕದ ಗಂಡಸೇ ಆ ರಾಜಕುಮಾರ್. ಯಶೋದಾ ಲೋಟ ತೆಗೆದುಕೊಳ್ಳುತ್ತ ಮೆಲ್ಲಗೆ ಕೇಳಿದಳು: "ಅಣ್ಣಾರೆ, ಚೀಲದೊಳಗಿಂದ ಅವನು ಹೆಂಗೆ ಹೊರಗೆ ಬಂದ ಅಂತ ನಿಮಗೆ ಗೊತ್ತೇನ್ರಿ?"

"ಯಾವ ಚೀಲ್ರಿ?" ಎಂದ ರಾಜಕುಮಾರ್. "ನಾನು ಬೀರು ಗಾಜಿನಾಗೆ ಮುಖಪುಟ ನೋಡೀನಿ, ಅಷ್ಟೇ." ಮತ್ತೆ ಅಪ್ಪನಿಗೆ ಕೇಳದಂತೆ ಸೇರಿಸಿದ: "ಅವನನ್ನ ಚೀಲಕ್ಕೆ ಹಾಕಿದ್ರೇನ್ರಿ?"

ಯಶೋದಾ ಮತ್ತೆ ತೋಟಪ್ಪನವರ ಮುಂದೆ ಹೋಗಿ ನಿಂತಳು. "ಯಜಮಾನ್ರೆ, ನಮ್ಮ ಪುಸ್ತಕದಾಗೆ ಒಂದು ಚಿತ್ರ ಹೋಗೇತಿ. ಮೂವತ್ತೊಂದನೇ ಪುಟ ಒಂದೇ ಒಂದು ಸಲ ಕೂಸಿಗೆ ತೋರಿಸ್ತೀರೇನ್ರಿ? ನಾನು ಕೈ ತೊಳ್ಕೊಂಡು ಬಂದೀನಿ."

ತೋಟಪ್ಪ ಉತ್ತರಕ್ಕಾಗಿ ಕೊಟ್ಟೂರೇಶನ ಕಡೆ ತಿರುಗಿದರು. ಅವನು ಇಡೀ ಗೋದಾಮಿಗೆ ಕೇಳುವಂತೆ ಲೆಕ್ಕ ಹೇಳಿದ. "ಸೀಲ್ ಒಡೆದ್ರೆ ಒಂಬತ್ತು ಪಾಯಿಂಟ್ ಎಂಟು ಹೋಗಿ ಒಂಬತ್ತು ಪಾಯಿಂಟ್ ನಾಲ್ಕು. ನಾಲ್ಕು ಲಕ್ಷ ಲುಕ್ಸಾನು."

"ಕೇಳಿದ್ರೆಲ್ಲ ತಾಯಿ," ಎಂದರು ತೋಟಪ್ಪ ನೊಂದುಕೊಂಡೇ. "ಪುಕ್ಕಟೆ ಆಗಿದ್ರೆ ನಾನೇ ನೋಡ್ತಿದ್ದೆ."

ಅಷ್ಟರಲ್ಲಿ ಹರಾಜು ಶುರುವಾಯಿತು. ತೋಟಪ್ಪನವರಿಗೆ ಕೂಗುವ ಹರಾಜಿನಲ್ಲಿ ನಂಬಿಕೆ ಇರಲಿಲ್ಲ. ಕೂಗಿದ ಬೆಲೆಗೆ ದೃಷ್ಟಿಯಾಗುತ್ತದೆ ಎನ್ನುವವರು ಅವರು. ಅದಕ್ಕಾಗಿ ದನದ ಸಂತೆಯ ದಲ್ಲಾಳಿ ಕೆಂಚಣ್ಣನನ್ನು ಕರೆಸಿದ್ದರು. ಎತ್ತಿನ ವ್ಯಾಪಾರದಲ್ಲಿ ಮಾಡುವಂತೆಯೇ ಅವನು ತನ್ನ ಕೆಂಪು ಟವೆಲನ್ನು ಕೈಮೇಲೆ ಹಾಕಿ, ಅದರ ಅಡಿಯಲ್ಲಿ ಕೊಳ್ಳುವವನ ಬೆರಳು ಹಿಡಿದು ಬೆಲೆ ತಿಳಿಯುತ್ತಿದ್ದ. ಅಭ್ಯಾಸಬಲದಿಂದ ಮೊದಲು ಡಬ್ಬಿಯನ್ನೆತ್ತಿ ಅದರ ಕೆಳಗೆ ಬಗ್ಗಿ ಏನನ್ನೋ ಹುಡುಕಿದ.

"ಏನ್ ನೋಡ್ತೀಯೋ?" ಎಂದರು ತೋಟಪ್ಪ.

"ಹಲ್ಲು," ಎಂದು, ತಪ್ಪು ಗೊತ್ತಾಗಿ, ಕೆಂಚಣ್ಣ ಡಬ್ಬಿ ಇಟ್ಟ. "ಸುಳಿ ಏನೂ ಇಲ್ಲ, ಒಳ್ಳೇ ಮಾಲು."

ಕೊಳ್ಳುವವರು ಇಬ್ಬರೇ. ಒಬ್ಬರು ಮಲೆಬೆನ್ನೂರಿನ ಅಕ್ಕಿ ಗಿರಣಿಯ ಶಿವಯೋಗಪ್ಪ. ಇನ್ನೊಬ್ಬ ಪುಣೆಯ ಸಂಗ್ರಾಹಕ, ಕೊಟ್ಟೂರೇಶನ ಮೊಬೈಲಿನ ವಿಡಿಯೋದಲ್ಲಿ ಇದ್ದ. ಕೆಂಚಣ್ಣ ಶಿವಯೋಗಪ್ಪನವರ ಬೆರಳು ಹಿಡಿದ, ತಲೆಯಾಡಿಸಿದ. ಆಮೇಲೆ ಟವೆಲನ್ನು ಮೊಬೈಲಿನ ಮೇಲೆ ಹೊದಿಸಿ ಅದರ ಗಾಜನ್ನು ಹಿಡಿದ. ಟವೆಲಿನ ಕೆಳಗಿನಿಂದ ಪುಣೆಯವನು ಕರೆಂಟ್ ಹೋಯಿತೇ ಎಂದು ಹಿಂದಿಯಲ್ಲಿ ಕೇಳಿದ. ಬಾಯಿ ಬಿಡಬೇಡ, ಬೆರಳು ತೋರಿಸು ಎಂದು ಕೆಂಚಣ್ಣ ಕನ್ನಡದಲ್ಲಿ ಹೇಳಿದ. ಹೀಗೆ ಹತ್ತು ನಿಮಿಷ ನಡೆಯಿತು. ಎಷ್ಟರಿಂದ ಎಷ್ಟಕ್ಕೆ ಏರಿತೆಂದು ಟವೆಲಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಕತ್ತಲಲ್ಲಿ ಕೂತು ಸಾಕಾದ ಪುಣೆಯವನು ಫೋನಿಟ್ಟ. ಕೆಂಚಣ್ಣ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಎಲ್ಲರೂ ಕರ್ಚೀಫಿನೊಳಗೆ ನಿಟ್ಟುಸಿರು ಬಿಟ್ಟರು. ಡಬ್ಬಣರಾಯ ಶಿವಯೋಗಪ್ಪನವರ ಪಾಲಾಗಿದ್ದ.

ಯಶೋದಾ ಮಗಳ ಕೈ ಹಿಡಿದು ಅವರ ಹತ್ತಿರ ಹೋದಳು. ಇದು ಕೊನೆಯ ಬಾಗಿಲು ಎಂದು ಅವಳಿಗೆ ಗೊತ್ತಿತ್ತು. "ಸಾಹುಕಾರ್ರೆ, ಮನೀಗೆ ಹೋಗಿ ನೀವಾದ್ರೂ ಓದ್ತೀರೇನ್ರಿ? ಓದಿದ್ರೆ ಒಂದು ಫೋನ್ ಮಾಡಿ ಹೇಳ್ರಿ, ನಂಬರ್ ಬರ್ಕೊಡ್ತೀನಿ."

"ಓದಾದಾ? ಬಿಡು ತಂಗಿ, ಇದು ಇಲ್ಲಿಂದ ಸೀದಾ ಬ್ಯಾಂಕ್ ಲಾಕರಿಗೆ ಹೋಗ್ತೈತೆ," ಎಂದರು ಶಿವಯೋಗಪ್ಪ. "ನನ್ನ ಮೊಮ್ಮಕ್ಕಳು ಮಾರ್ತಾರೆ, ಅವರ ಮೊಮ್ಮಕ್ಕಳು ಮಾರ್ತಾರೆ. ಓದೋರು ಯಾರೂ ಇಲ್ಲ, ಆ ಚಿಂತಿ ಬ್ಯಾಡ."

ಮಲೆಬೆನ್ನೂರಿಗೆ ಟ್ರ್ಯಾಕ್ಟರಿನಲ್ಲಿ ಒಯ್ಯುವಾಗ ಡಬ್ಬಿಗೆ ಗೀರು ಬೀಳಬಾರದೆಂದು ಅದನ್ನು ಭದ್ರ ಮಾಡಬೇಕಿತ್ತು. ಗೋದಾಮಿನಲ್ಲಿ ಭದ್ರ ಮಾಡುವುದೆಂದರೆ ಒಂದೇ. ಮೂಲೆಯಲ್ಲಿ ಚೀಲ ಹೊಲೆಯುತ್ತಿದ್ದ ಮುದುಕ ಖಾಜಾ ಹುಸೇನರನ್ನು ಕರೆದರು. ಅವರು ಹೊಸ ಗೋಣಿಚೀಲ ತಂದು, ತಳಕ್ಕೆ ಹತ್ತಿ ಹಾಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಒಳಗಿಳಿಸಿ, ಮೇಲೆ ಇನ್ನಷ್ಟು ಹತ್ತಿ ತುರುಕಿದರು. ಸುತಳಿಯನ್ನು ನಾಲಿಗೆಗೆ ಹಚ್ಚಿ ಡಬ್ಬಣಕ್ಕೆ ಪೋಣಿಸಿ ಹೊಲೆಯತೊಡಗಿದರು. ಡಬ್ಬಣ ಚೀಲಕ್ಕೆ ಹೋಗಿ ಬರುವ ಸದ್ದು ಗೋದಾಮಿಗೆಲ್ಲ ಕೇಳುತ್ತಿತ್ತು.

ಯಶೋದಾಳ ಕೈಯಿಂದ ಮಗಳ ಕೈ ಜಾರಿತು. ತನುಶ್ರೀ ಮುಂದೆ ಹೋಗಿ ಚೀಲದ ಎದುರು ಕುಕ್ಕರಗಾಲಲ್ಲಿ ಕೂತಳು. ಹೊಲಿಗೆ ಒಂದೊಂದಾಗಿ ಬೀಳುತ್ತಿದ್ದಂತೆ ಅವಳ ಮುಖವೂ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬಾಗಿತು. ಹದಿನಾಲ್ಕು ಹೊಲಿಗೆ ಆಯಿತು. ಒಂದು ಹೊಲಿಗೆಯಷ್ಟು ಬಾಯಿ ಉಳಿದಿತ್ತು. ಯಶೋದಾ ಕರೆಯಲಿಲ್ಲ, ಕೆಮ್ಮಲೂ ಇಲ್ಲ. ಮಂಡಕ್ಕಿ ಎಣಿಸುವ ಹಾಗೆ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಏಳು ಆಯಿತು, ಎಂಟು ಆಯಿತು. ಕರ್ಚೀಫಿನ ಅಡಿಯಲ್ಲಿ ಒಳಗೆ ಹೋಗಿದ್ದ ಕೆಳತುಟಿ ನಿಧಾನವಾಗಿ ಹೊರಗೆ ಬಂದದ್ದು ಬಟ್ಟೆಯ ಮೇಲೇ ಕಂಡಿತು.

ಖಾಜಾ ಹುಸೇನರು ಕೊನೆಯ ಹೊಲಿಗೆಗೆ ಡಬ್ಬಣ ಎತ್ತಿದವರು ಹುಡುಗಿಯ ಮುಖ ನೋಡಿ ಕೈ ಅಲ್ಲೇ ನಿಲ್ಲಿಸಿದರು. "ಏನವ್ವಾ?" ಎಂದರು.

ತೋಟಪ್ಪ, ಶಿವಯೋಗಪ್ಪ, ಕೆಂಚಣ್ಣ, ಕೊಟ್ಟೂರೇಶ್, ಮಜ್ಜಿಗೆಯ ಜಗ್ಗು ಹಿಡಿದ ರಾಜಕುಮಾರ್ ಎಲ್ಲರೂ ತಿರುಗಿ ನೋಡಿದರು. ತನುಶ್ರೀ ಮುಖಕ್ಕೆ ಕಟ್ಟಿದ್ದ ಕರ್ಚೀಫನ್ನು ಕೆಳಗೆಳೆದುಕೊಂಡು, ಗೋದಾಮಿನ ಕೊನೆಯವರೆಗೆ ಕೇಳುವಂತೆ ಕೇಳಿದಳು:

"ಅಜ್ಜಾ, ಡಬ್ಬಣ ಹೊರಗೈತೆ. ಒಳಗಿರೋನು ಹೆಂಗೆ ಬರ್ತಾನೆ?"